ಬರಿಗೈಲಿ ಬಂದ ಮೂರು ದಿನ

ಗಾಳ ಹಿಡ್ಕೊಂಡು ಹೊಳೆಬದಿಗೆ ಹೋಗುವ ಗಂಡಸರ ಬಗ್ಗೆ ಇಷ್ಟು ವರ್ಷ ನಾನು ಎಂತೆಲ್ಲ ಹೇಳಿದ್ದೆನೋ, ಅದರಲ್ಲಿ ಅರ್ಧ ವಾಪಸ್ ತಗೊಳ್ತಿದ್ದೇನೆ. ಪೂರ್ತಿ ಅಲ್ಲ, ಅರ್ಧ.

ನಮ್ಮನೆಯವರ ಗಾಳದ ಹುಚ್ಚು ಕೇರಿಗೆಲ್ಲ ಗೊತ್ತುಂಟು. ಭಾನುವಾರ ಬಂತು ಅಂದ್ರೆ ಒಂದು ಮುಷ್ಟಿ ಚಟ್ಲಿ ಕಟ್ಟಿಕೊಂಡು ಪಂಚಗಂಗಾವಳಿ ಬದಿಗೆ ಹೋಗಿ ಕೂರುದು. ನಾನು ಮಸಾಲೆ ಅರೆದಿಟ್ಟು ಕಾಯುದು. ಹತ್ತು ಸಲ ಹೋದ್ರೆ ಆರು ಸಲ ಬರಿಗೈ. "ಆ ಚಟ್ಲಿಯನ್ನೇ ಸಾರ್ ಮಾಡಿರೆ ಊಟಕ್ಕಾದ್ರೂ ಆತಿದ್ದಿತ್" ಅಂತ ನಾನು. ಹೋದ ವರ್ಷ ಅಟ್ಟ ಗುಡಿಸುವಾಗ ಅವರ ಗಾಳದ ಡಬ್ಬಿಯನ್ನು ಹಳೇ ಪಾತ್ರೆ ಜೊತೆ ಗುಜರಿಯವನಿಗೆ ಹಾಕಿಬಿಟ್ಟೆ. ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳ ಆಗಿ ಮುಗೀತಿತ್ತು.

ಈ ಸಲ ಮಗಳ ಬಾಣಂತನಕ್ಕೆ ಅಮೆರಿಕದ ಡೆನ್ವರಿಗೆ ಹೋದೆ ಅಲ್ವಾ. ಅಳಿಯನಿಗೆ ಫ್ಲೈ ಫಿಶಿಂಗ್ ಮರ್ಲು. ಮಗುವಿಗೆ ಮೂರು ತಿಂಗಳಾದ ಮೇಲೆ, "ಅತ್ತೆ, ಮನೆಯೊಳಗೇ ಕೂತ್ ಸಾಕಾಯ್ಲಿಲ್ಯಾ, ಬನ್ನಿ" ಅಂತ ನನಗೂ ಒಂದು ದಿನದ ಲೈಸೆನ್ಸ್ ತೆಗೆಸಿ ಸೌತ್ ಪ್ಲ್ಯಾಟ್ ಹೊಳೆಗೆ ಕರ್ಕೊಂಡು ಹೋದ. ಡೆಕರ್ಸ್ ಅಂತ ಊರು. ಮೇಲೆ 1905ರಲ್ಲಿ ಕಟ್ಟಿದ ಚೀಸ್‌ಮನ್ ಡ್ಯಾಮ್ ಉಂಟು, ಅದರ ಅಡಿಯಿಂದ ಬರುವ ನೀರು. ಕಾಲಿಟ್ಟರೆ ಮೂಳೆಗೆ ತಾಗುವಷ್ಟು ತಂಪು.

ನಮ್ಮ ಗಾಳದಲ್ಲಿ ಸೀಸ ಕಟ್ಟಿ ಎಸೀತೇವೆ, ಸೀಸದ ಭಾರಕ್ಕೆ ದಾರ ಹೋಗ್ತದೆ. ಇಲ್ಲಿ ಎಲ್ಲ ಉಲ್ಟಾ. ಗಾಳಕ್ಕೆ ಗರಿ, ನೂಲು ಸುತ್ತಿ ಜೀರಿಗೆ ಕಾಳಿನಷ್ಟು ಹುಳ ಮಾಡಿರ್ತಾರೆ, ಅದಕ್ಕೆ ಭಾರವೇ ಇಲ್ಲ. ದಪ್ಪ ದಾರದ ಭಾರವೇ ಹುಳವನ್ನು ಕೊಂಡು ಹೋಗಬೇಕು. ಕೋಲನ್ನು ಹಿಂದಕ್ಕೆ ಬೀಸಿ, ದಾರ ಬೆನ್ನಹಿಂದೆ ಪೂರಾ ನೆಟ್ಟಗಾಗುವವರೆಗೆ ಒಂದು ಗಳಿಗೆ ನಿಂತು, ಆಮೇಲೆ ಮುಂದಕ್ಕೆ. ಆ ಒಂದು ಗಳಿಗೆ ನಿಲ್ಲಲಿಕ್ಕೆ ನನ್ನ ಕೈಯಿಂದ ಆಗಲಿಲ್ಲ ಮಾರಾಯ್ತಿ! ಮೂವತ್ತು ವರ್ಷ ಒಲೆ ಮುಂದೆ ಗಡಿಬಿಡಿ ಮಾಡಿದ ಕೈ. ಚಾಟಿ ಹೊಡೆದ ಹಾಗೆ ಶಬ್ದ ಬಂದು ಹುಳ ತುಂಡಾಗಿ ಹೋಗುದು, ಇಲ್ಲದಿದ್ರೆ ಹಿಂದಿನ ಮರಕ್ಕೆ ಸಿಕ್ಕುದು. ಮಧ್ಯಾಹ್ನದೊಳಗೆ ಏಳು ಹುಳ ಆ ಮರಕ್ಕೇ ಕೊಟ್ಟೆ.

ಎರಡನೇ ಸಲ ಹೋದಾಗ ಬರೀ ಗಂಟು ಬಿಡಿಸಿದ್ದೇ. ಅಬ್ಬಲಿಗೆ ಕಟ್ಟುವ ಕೈ ಆದ್ದರಿಂದ ಅದೊಂದು ಬಂತು. ಅಳಿಯನ ಗಂಟನ್ನೂ ನಾನೇ ಬಿಡಿಸಿ ಕೊಟ್ಟೆ.

ಮೂರನೇ ದಿನ ಹುಳ ನೀರಿನ ವೇಗಕ್ಕೇ ಸರಿಯಾಗಿ ತೇಲಿತು. ದಾರ ಸ್ವಲ್ಪ ಎಳೆದರೂ ಇದು ಸುಳ್ಳು ಹುಳ ಅಂತ ಮೀನಿಗೆ ಗೊತ್ತಾಗ್ತದೆ. ಅವತ್ತು ಎಳೆಯಲಿಲ್ಲ. ಬಾಯಿ ಹಾಕಿತು! ನಾನು ಊರಿನ ಅಭ್ಯಾಸದಲ್ಲಿ ಜಗ್ಗಿದೆ. ಕೂದಲಿನಂಥ ತುದಿದಾರ ಟಪ್ ಅಂತ ಹೋಯ್ತು. ಬಂಡೆ ಮೇಲೆ ಕೂತೆ, ಕಣ್ಣಲ್ಲಿ ನೀರು. ಐವತ್ತಾರು ವರ್ಷಕ್ಕೆ, ಅದೂ ಹಿಡಿದರೂ ಬಿಡಬೇಕಾದ ಮೀನಿಗೆ!

ಹೌದು, ಅಳಿಯ ಹಿಡಿದದ್ದೆಲ್ಲ ಬಿಡ್ತಾನೆ. ಗಾಳದ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿ, ಮೀನು ಮುಟ್ಟುವ ಮೊದಲು ಕೈ ಒದ್ದೆ ಮಾಡಿ. ಒಣ ಕೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ಬರ್ತದಂತೆ. ಬೇಸಿಗೆ ಮಧ್ಯಾಹ್ನ ನೀರು 20 ಡಿಗ್ರಿ ದಾಟಿತು ಅಂದ್ರೆ ಕೋಲು ಮಡಚಿ ಮನೆಗೆ, ಆ ಬಿಸಿಯಲ್ಲಿ ಬಿಟ್ಟ ಮೀನೂ ಸಾಯ್ತದೆ ಅಂತ. ಇಷ್ಟೆಲ್ಲ ಮರ್ಯಾದೆ ಕೊಡುವವರು ಅದರ ಬಾಯಿಗೆ ಗಾಳ ಹಾಕುದೇ ಎಂತಕ್ಕೆ? ತಿನ್ನಲಿಕ್ಕೆ ಹಿಡೀರಿ, ಇಲ್ಲಾ ಸುಮ್ನೆ ಬಿಡಿ. ಈ ಮಾತಿನಲ್ಲಿ ಅಳಿಯನಿಗೂ ನನಗೂ ಈಗಲೂ ಸರಿ ಬರುದಿಲ್ಲ. (ಅಲ್ಲಿನ ಬ್ರೌನ್ ಟ್ರೌಟ್ ಅಲ್ಲಿಯದ್ದೇ ಅಲ್ಲ, 1883ರಲ್ಲಿ ಜರ್ಮನಿಯಿಂದ ಹಡಗಲ್ಲಿ ಮೊಟ್ಟೆ ತಂದು ಶುರು ಮಾಡಿದ್ದು. ನಮ್ಮ ಮಕ್ಕಳ ಹಾಗೆ, ಹೋದದ್ದು ಅಲ್ಲೇ ನಿಂತಿತು.)

ಆದ್ರೆ ಒಂದು ಹೇಳ್ತೇನೆ. ಮೂರು ದಿನ ಸೋತೆ, ಯಾರೂ ಒಂದು ಮಾತು ಹೇಳಲಿಲ್ಲ. ದೋಸೆ ಕಾವಲಿಗೆ ಹಿಡಿದರೆ ಹೇಳ್ತಾರೆ, ಸಾರಿಗೆ ಉಪ್ಪು ಹೆಚ್ಚಾದ್ರೆ ಹೇಳ್ತಾರೆ. ನಮಗೆ ಹೆಂಗಸರಿಗೆ ಬರಿಗೈಲಿ ಬರುವ ದಿನ ಅಂತ ಒಂದು ಇಲ್ಲವೇ ಇಲ್ಲ. ಮನೆಯಲ್ಲಿ ಯಾರಿಗೂ ಉಪಯೋಗ ಇಲ್ಲದ ಒಂದು ಕೆಲಸ ಕಲಿಯಲಿಕ್ಕೆ ಹೋಗಿ, ಅದು ಬಾರದೆ ಕೂತು, ಪುನಃ ನಾಳೆ ಹೋಗ್ತೇನೆ ಅನ್ನುವ ಸುಖ ಗಂಡಸರು ಅಷ್ಟು ವರ್ಷ ಒಬ್ಬರೇ ತಿಂದಿದ್ದಾರೆ. ನಾನು ವಾಪಸ್ ತಗೊಳ್ಳದ ಅರ್ಧ ಇದು. ಹೋಗಲಿ, ಬರಿಗೈಲೇ ಬರಲಿ, ನಾನಿನ್ನು ಮಾತಾಡುದಿಲ್ಲ. ಮಸಾಲೆ ಮಾತ್ರ ಮೀನು ಬಂದ ಮೇಲೆಯೇ ಅರೆಯುದು. ಮತ್ತೆ ತಿಂಗಳಲ್ಲಿ ಒಂದು ಭಾನುವಾರ ನನ್ನದು.

ಅವತ್ತು ರಾತ್ರಿ ಫೋನಲ್ಲಿ ನಮ್ಮನೆಯವರು, "ಎಷ್ಟ್ ಸಿಕ್ತ್?" ಅಂತ ಕೇಳಿದರು. "ಒಂದ್ ಬಂದದ್ದ್ ಕಡ್ಕಂಡ್ ಹೋಯ್ತ್" ಅಂದೆ. ನಗ್ತಾರೆ ಅಂದ್ಕೊಂಡಿದ್ದೆ. ಅವರು ನಗಲಿಲ್ಲ. ಎಷ್ಟು ದೊಡ್ಡದಿತ್ತು, ಯಾವ ಬದಿಗೆ ಎಳೆಯಿತು, ಎಲ್ಲ ಕೇಳಿದರು. ಅರ್ಧ ಗಂಟೆ. ನಾವು ಅಷ್ಟು ಹೊತ್ತು ಫೋನಲ್ಲಿ ಮಾತಾಡಿದ್ದೇ ಇಲ್ಲ.

ಊರಿಗೆ ಬಂದ ಮರುದಿನ ಪೇಟೆಗೆ ಹೋಗಿ ಗಾಳ, ದಾರ, ಸೀಸ ತಂದು ಅವರ ಮುಂದೆ ಇಟ್ಟೆ. ಒಂದೊಂದೇ ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಗಾಳ ದೊಡ್ಡದಾಯ್ತ್. ಕಾಣೆ ಮೀನಿಗೆ ಇದ್ ಆತಿಲ್ಲೆ" ಅಂದರು.

ಬದಲಾಯಿಸಿ ತರಲಿಕ್ಕೆ ಇಬ್ಬರೂ ಹೋದೆವು.