168 ಜನರ ಕಥೆ ಇನ್ನು ಸಾಕು

ಇಂಕಾ ಸಾಮ್ರಾಜ್ಯದ ಪಾಠಕ್ಕೆ ಬಂದಾಗಲೆಲ್ಲ ನನ್ನ ತರಗತಿಯಲ್ಲಿ ಒಂದೇ ಪ್ರಶ್ನೆ ಏಳುತ್ತದೆ: "ಸರ್, ಬರೀ 168 ಜನ ಬಂದು ಅಷ್ಟು ದೊಡ್ಡ ರಾಜ್ಯವನ್ನು ಹೇಗೆ ಗೆದ್ದರು?" ಕೇಳುವವರು ಮಕ್ಕಳು, ಆದರೆ ಈ ಪ್ರಶ್ನೆಯನ್ನು ಅವರ ಬಾಯಿಗೆ ಹಾಕಿದವರು ನಾವು ಮೇಷ್ಟ್ರುಗಳು. ಕುದುರೆ, ಬಂದೂಕು, ಉಕ್ಕಿನ ಕತ್ತಿ ಎಂಬ ಉತ್ತರವನ್ನೂ ನಾವೇ ಸಿದ್ಧವಾಗಿಟ್ಟುಕೊಂಡಿದ್ದೇವೆ. ಈ ಕಥೆಯ ಬಹುಪಾಲು ನಮಗೆ ಬಂದದ್ದು ಗೆದ್ದವರಿಂದ. ತಮ್ಮ ದೊರೆಯಿಂದ ಭೂಮಿ, ಪದವಿ, ಮಾಸಾಶನ ಕೇಳುತ್ತಿದ್ದ ಸೈನಿಕರು ಅರ್ಜಿಗಳಲ್ಲಿ ತಮ್ಮ ಸಾಹಸವನ್ನು ತಾವೇ ಹೊಗಳಿಕೊಂಡರು. ಅದನ್ನೇ ನಾವು ಇತಿಹಾಸವೆಂದು ಪಾಠ ಮಾಡುತ್ತಾ ಬಂದಿದ್ದೇವೆ.

ಕಹಮಾರ್ಕದ ಘಟನೆ ಸುಳ್ಳಲ್ಲ. 1532ರ ನವೆಂಬರ್ 16ರಂದು ದೊರೆ ಅತಹುವಾಲ್ಪ ಪಲ್ಲಕ್ಕಿಯಲ್ಲಿ ಆ ಊರಿನ ಚೌಕಕ್ಕೆ ಬಂದ. ಜೊತೆಗಿದ್ದ ಸಾವಿರಾರು ಪರಿವಾರದವರಲ್ಲಿ ಹೆಚ್ಚಿನವರ ಕೈಯಲ್ಲಿ ಆಯುಧವಿರಲಿಲ್ಲ. ಸ್ಪ್ಯಾನಿಷರ ಪಾದ್ರಿ ವಾಲ್ವೆರ್ದೆ ಕೊಟ್ಟ ಪುಸ್ತಕವನ್ನು ಅವನು ನೆಲಕ್ಕೆಸೆದ. ಕಟ್ಟಡಗಳಲ್ಲಿ ಅಡಗಿದ್ದ ಸ್ಪ್ಯಾನಿಷ್ ನಾಯಕ ಪಿಜಾರೊನ ಜನ ನುಗ್ಗಿ ಕೊಂದರು, ದೊರೆಯನ್ನು ಹಿಡಿದರು. ಬಿಡುಗಡೆಗಾಗಿ ಅವನು ಒಂದು ಕೋಣೆಯ ತುಂಬ ಚಿನ್ನವನ್ನೂ ಅದರ ಎರಡು ಪಟ್ಟು ಬೆಳ್ಳಿಯನ್ನೂ ಕೊಡುತ್ತೇನೆಂದು ಮಾತು ಕೊಟ್ಟ. ರಾಶಿ ರಾಶಿ ಚಿನ್ನ ಬಂತು, ಬಿಡುಗಡೆ ಮಾತ್ರ ಬರಲಿಲ್ಲ. 1533ರ ಜುಲೈನಲ್ಲಿ ದೀಕ್ಷಾಸ್ನಾನ ಮಾಡಿಸಿ, ಸುಡುವ ಶಿಕ್ಷೆಯನ್ನು ಬದಲಿಸಿ, ಕತ್ತು ಹಿಸುಕಿ ಕೊಂದರು.

ನಮ್ಮ ಪಾಠ ಸಾಮಾನ್ಯವಾಗಿ ಇಲ್ಲಿಗೇ ಮುಗಿಯುತ್ತದೆ. ನನ್ನ ತಕರಾರು ಇರುವುದೇ ಇಲ್ಲಿ.

ಆ ಹೊತ್ತಿಗೆ ರಾಜ್ಯ ಒಳಗಿನಿಂದಲೇ ಸೀಳಿಹೋಗಿತ್ತು. ಹಿಂದಿನ ದೊರೆ ಹುವಾಯ್ನ ಕಪಾಕ್ ತೀರಿಕೊಂಡ ಮೇಲೆ ಅವನ ಮಕ್ಕಳಾದ ಹುವಾಸ್ಕರ್ ಮತ್ತು ಅತಹುವಾಲ್ಪ ವರ್ಷಗಟ್ಟಲೆ ಬಡಿದಾಡಿದ್ದರು. ಸೆರೆಯಲ್ಲಿದ್ದುಕೊಂಡೇ ಅತಹುವಾಲ್ಪ ಹುವಾಸ್ಕರನನ್ನು ಕೊಲ್ಲಿಸಿದ. ಅವನ ಸೇನೆ ಕನ್ಯಾರಿ ಜನರನ್ನು ಕಂಡಕಂಡಲ್ಲಿ ಕೊಚ್ಚಿಹಾಕಿತ್ತು. ಆ ಕನ್ಯಾರಿಗಳು ಸ್ಪ್ಯಾನಿಷರ ಪಕ್ಷ ಸೇರಿದ್ದರಲ್ಲಿ ಆಶ್ಚರ್ಯವೇನಿದೆ?

ವಂಕಾ ಜನರ ಸಂಗತಿಯಂತೂ ಪ್ರತಿಯೊಂದು ಮಗುವಿಗೂ ಗೊತ್ತಾಗಬೇಕು. ಇವರು ಮಂತಾರೊ ಕಣಿವೆಯವರು. ಇಂಕಾಗಳು ಇವರ ನೆಲವನ್ನು ಗೆದ್ದು ನೂರು ವರ್ಷವೂ ಆಗಿರಲಿಲ್ಲ. ಹೊಸಬರ ನೆರವಿನಿಂದ ಇಂಕಾಗಳ ನೊಗ ಕಿತ್ತೆಸೆಯಬಹುದೆಂದು ಇವರ ನಾಯಕರು ಲೆಕ್ಕ ಹಾಕಿದರು. ನಿಜಕ್ಕೂ ಲೆಕ್ಕ ಇಟ್ಟರು! ಸ್ಪ್ಯಾನಿಷರಿಗೆ ಯಾವಾಗ ಎಷ್ಟು ಲಾಮಾ, ಎಷ್ಟು ಮುಸುಕಿನ ಜೋಳ, ಎಷ್ಟು ಮಡಕೆ ಕೊಟ್ಟೆವು, ಹೊರೆ ಹೊರಲು ಎಷ್ಟು ಗಂಡಸರನ್ನೂ ಹೆಂಗಸರನ್ನೂ ಕಳಿಸಿದೆವು ಎಂಬುದನ್ನೆಲ್ಲ ದಾರಗಳಲ್ಲಿ ಗಂಟು ಹಾಕಿ ದಾಖಲಿಸುವ ಕಿಪುಗಳಲ್ಲಿ ಇಟ್ಟುಕೊಂಡರು. ಕೊಟ್ಟದ್ದೊಂದು ಕಡೆ, ದೋಚಿಸಿಕೊಂಡದ್ದು ಇನ್ನೊಂದು ಕಡೆ. 1561ರಲ್ಲಿ ಲಿಮಾದ ನ್ಯಾಯಾಲಯದಲ್ಲಿ ಆ ದಾರಗಳನ್ನು ಹಿಡಿದು ಬಾಕಿ ಓದಿ ಹೇಳಿದರು, ಗುಮಾಸ್ತರು ಬರೆದುಕೊಂಡರು. ಪಿಜಾರೊನ ಸೇನೆ ಯಾರ ಹೆಗಲ ಮೇಲೆ ನಡೆಯಿತು ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ವಂಕಾ ನಾಯಕರಲ್ಲಿ ಒಬ್ಬ ಸ್ಪೇನಿಗೇ ಹೋಗಿ ಲಾಂಛನದ ಗೌರವ ಪಡೆದು ಬಂದ. ಅವನ ಜನರಿಗೆ ಮಾತ್ರ ಕಪ್ಪ ತಪ್ಪಲಿಲ್ಲ. ಮುಂದೆ ಅದೇ ಕಣಿವೆಯವರನ್ನು ಹುವಾಂಕವೆಲಿಕಾದ ಪಾದರಸದ ಗಣಿಗೆ ಸರದಿಯ ಮೇಲೆ ಕಡ್ಡಾಯ ದುಡಿಮೆಗೆ ಕಳಿಸಿದರು.

ಇನ್ನು 1536. ಸ್ಪ್ಯಾನಿಷರೇ ಪಟ್ಟಕಟ್ಟಿದ್ದ ಮಾಂಕೊ ಇಂಕಾ ಅವರ ಮೇಲೆಯೇ ತಿರುಗಿಬಿದ್ದು ಕುಸ್ಕೊ ನಗರವನ್ನು ತಿಂಗಳುಗಟ್ಟಲೆ ಮುತ್ತಿದ. ಅದೇ ವರ್ಷ ಅವನ ಸೇನೆ ಲಿಮಾಕ್ಕೂ ನುಗ್ಗಿತು. ಪಿಜಾರೊನ ನೆರವಿಗೆ ಬಂದವರಲ್ಲಿ ಹುವಾಯ್ಲಾಸ್ ಸೀಮೆಯ ಒಡತಿ ಕೊಂತರ್ ಹುವಾಚೊ ಕಳಿಸಿದ ಪಡೆಯೂ ಇತ್ತು. ಪಿಜಾರೊನ ಜೊತೆ ಬಾಳುತ್ತಿದ್ದ ಕಿಸ್ಪೆ ಸಿಸಾ ಅವಳ ಮಗಳು. ಲಿಮಾದ ಪುರುಚುಕೊದಲ್ಲಿ ಆ ದಂಗೆಯ ಕಾಲದವೆಂದು ಹೇಳುವ ಸಮಾಧಿಗಳನ್ನು ಅಗೆದಾಗ ಗುಂಡು ತಗುಲಿದ ಒಂದು ತಲೆಬುರುಡೆ ಸಿಕ್ಕಿತು, ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅದೇ ಸುದ್ದಿ. ಆದರೆ ಅಲ್ಲಿ ಪೆಟ್ಟು ತಿಂದು ಸತ್ತವರಲ್ಲಿ ಹೆಚ್ಚಿನವರ ಮೂಳೆ ಮುರಿದದ್ದು ಸ್ಥಳೀಯರು ಬಳಸುತ್ತಿದ್ದ ಕಲ್ಲಿನ ಗದೆಯಂಥ ಆಯುಧಗಳಿಂದ. ಆಂಡಿಸ್‌ನವರನ್ನು ಕೊಂದವರು ಬಹುಪಾಲು ಆಂಡಿಸ್‌ನವರೇ.

ಇದನ್ನು ಹೇಳಿದರೆ ಸ್ಪ್ಯಾನಿಷರ ಪಾಪ ಹಗುರವಾಗುತ್ತದೆ ಎಂದು ಕೆಲವು ಗೆಳೆಯರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ವಚನಭ್ರಷ್ಟತೆ, ಕೊಲೆ, ಲೂಟಿ ಎಲ್ಲವೂ ಅವರ ತಲೆಯ ಮೇಲೆಯೇ ಇರುತ್ತವೆ. ಹಾಗೆಂದು ಆ ನೆಲದವರನ್ನೆಲ್ಲ ಕುದುರೆ ಕಂಡು ಬೆಚ್ಚಿದ ಮುಗ್ಧರೆಂದು ಚಿತ್ರಿಸುವುದು ಅವರಿಗೆ ಮಾಡುವ ಎರಡನೆಯ ಅವಮಾನ. ವಂಕಾ ನಾಯಕನಿಗೂ ಕೊಂತರ್ ಹುವಾಚೊಗೂ ತಮ್ಮದೇ ರಾಜಕೀಯವಿತ್ತು, ತಮ್ಮದೇ ಹಳೆಯ ಗಾಯಗಳಿದ್ದವು.

ಮಾಂಕೊ ಸೋತರೂ ಶರಣಾಗಲಿಲ್ಲ. ವಿಲ್ಕಬಾಂಬದ ಕಾಡುಬೆಟ್ಟಗಳಲ್ಲಿ ಬೇರೆಯೇ ರಾಜ್ಯ ಕಟ್ಟಿದ. ತಾನೇ ಆಶ್ರಯ ಕೊಟ್ಟ ಸ್ಪ್ಯಾನಿಷರ ಕೈಯಲ್ಲಿ ಅವನು ಸತ್ತ ಮೇಲೂ ಮಕ್ಕಳು ಅದನ್ನು ಉಳಿಸಿಕೊಂಡರು. ಅವರಲ್ಲೊಬ್ಬನಾದ ತಿತು ಕುಸಿ 1570ರಲ್ಲಿ ತಂದೆಯ ಹೋರಾಟವನ್ನು ತಾನೇ ಹೇಳಿ ಬರೆಸಿದ. ಕೊನೆಯ ದೊರೆ ತುಪಾಕ್ ಅಮಾರುವಿನ ತಲೆ ಕಡಿದದ್ದು 1572ರಲ್ಲಿ, ಕಹಮಾರ್ಕದ ಆ ಸಂಜೆ ಕಳೆದು 40 ವರ್ಷಕ್ಕೆ. ಪಠ್ಯಪುಸ್ತಕ ಬರೆಯುವವರಲ್ಲಿ, ನನ್ನಂತೆ ಪಾಠ ಮಾಡುವವರಲ್ಲಿ ನಾನು ಕೇಳಿಕೊಳ್ಳುವುದು ಇಷ್ಟು: ಕಾಲರೇಖೆಯನ್ನು 1533ಕ್ಕೆ ನಿಲ್ಲಿಸಬೇಡಿ, 1572ರವರೆಗೆ ಎಳೆಯಿರಿ. ಪಿಜಾರೊನ ಹೆಸರಿರುವ ಪುಟದಲ್ಲೇ ವಂಕಾಗಳ ಹೆಸರೂ ಇರಲಿ.