ಓಡುವ ಕಾರಿಗೆ ನಿಲ್ಲಿಸುವ ಟೈರು ಬೇಕು

ಅಡಿಕೆ ಕೈ ಹಿಡಿದ ಮೇಲೆ ಮಲೇಬೆನ್ನೂರು ಸೀಮೆಯ ಹಳ್ಳಿಗಳಲ್ಲಿ ಮನೆ ಮುಂದೆ ನಿಲ್ಲುವ ಕಾರುಗಳೇ ಬದಲಾಗಿವೆ. ನಮ್ಮೂರು ನಂದಿಗುಡಿಯೂ ಇದಕ್ಕೆ ಹೊರತಲ್ಲ. ಹಿಂದೆ ಡೀಸೆಲ್ ಜೀಪು ಕೊಳ್ಳುತ್ತಿದ್ದ ಮನೆಗಳ ಹುಡುಗರು ಈಗ ಟರ್ಬೊ ಪೆಟ್ರೋಲ್ ಕಾರು ತರುತ್ತಿದ್ದಾರೆ. ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾ ಕಾರುಗಳ 1.5 ಲೀಟರ್ ಎಂಜಿನ್ 150 ಪಿಎಸ್ ಶಕ್ತಿಯದು. ಆಕ್ಸಿಲರೇಟರ್ ಮೇಲೆ ಕಾಲಿಟ್ಟರೆ ಸಾಕು, ಬಾಣದಂತೆ ಹೋಗುತ್ತವೆ. ಈ ಕಾರುಗಳು ಮೂರು ನಾಲ್ಕು ವರ್ಷ ಓಡಿ, ಕಂಪನಿ ಟೈರು ಸವೆದು, ಹರಿಹರದ ನನ್ನ ಟೈರ್ ಅಂಗಡಿಗೆ ಬರುತ್ತಿವೆ.

ಕಾರು ಕೊಳ್ಳುವ ಮುಂಚೆ ತಿಂಗಳುಗಟ್ಟಲೆ ವಿಚಾರಿಸಿದವರು ಟೈರು ಕೊಳ್ಳುವಾಗ ಐದು ನಿಮಿಷ ನಿಲ್ಲುವುದಿಲ್ಲ. 'ಕಾಕಾ, ಯಾವ್ದು ಜಾಸ್ತಿ ಕಿಲೋಮೀಟರ್ ಬರ್ತತಿ, ಅದನ್ನ ಹಾಕ್ರಿ' ಎನ್ನುವುದು ಮೊದಲ ಮಾತು. ಎರಡನೆಯದು ರೇಟು. ಒದ್ದೆ ರಸ್ತೆಯಲ್ಲಿ ಬ್ರೇಕ್ ಹಾಕಿದರೆ ಈ ಟೈರು ಎಷ್ಟು ದೂರದಲ್ಲಿ ನಿಲ್ಲಿಸುತ್ತದೆ ಎಂದು ಕೇಳುವವರು ಅಪರೂಪ. ಟೈರ್ ಮಾರಿ ಹೊಟ್ಟೆ ಹೊರೆಯುವವನಾಗಿ ನಾನು ಹೇಳುವುದಿಷ್ಟೆ: ವೇಗದ ಕಾರಿಗೆ ಟೈರು ಆರಿಸುವಾಗ ಮೊದಲು ಕೇಳಬೇಕಾದದ್ದು ಅದನ್ನೇ.

ನಮ್ಮ ರಸ್ತೆಗಳನ್ನೇ ನೋಡಿ. ಭದ್ರಾ ನಾಲೆಗೆ ನೀರು ಬಿಟ್ಟು ನಾಟಿ ಶುರುವಾದರೆ ಕೇಜ್ ವೀಲ್ ಕಟ್ಟಿದ ಟ್ರ್ಯಾಕ್ಟರುಗಳು ಗದ್ದೆಯಿಂದ ನೇರ ಡಾಂಬರಿಗೆ ಏರುತ್ತವೆ. ಅವು ಉದುರಿಸಿದ ಕೆಸರಿನ ಹೆಂಟೆ ತುಂತುರು ಮಳೆಗೆ ಕರಗಿ ರಸ್ತೆ ತುಂಬ ತೆಳ್ಳಗೆ ಹರಡುತ್ತದೆ. ಕಣ್ಣಿಗೆ ಅದು ಬರೀ ಒದ್ದೆ ರಸ್ತೆ, ಟೈರಿಗೆ ಮಾತ್ರ ಎಣ್ಣೆ ಬಳಿದ ನೆಲ. ಕೊಯ್ಲು ಮುಗಿದರೆ ಅದೇ ರಸ್ತೆಯ ಅರ್ಧಭಾಗಕ್ಕೆ ಕಲ್ಲಿಟ್ಟು ಭತ್ತ, ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ. ಕಾಳಿನ ಮೇಲೆ ಚಕ್ರ ಹೋದಾಗ ರಬ್ಬರಿಗೆ ರಸ್ತೆಯೇ ಸಿಕ್ಕುವುದಿಲ್ಲ. ಅಮಾವಾಸ್ಯೆ ದಿನ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಹೋಗುವ ಗಾಡಿಗಳ ಸಾಲು ಇದೇ ದಾರಿಯಲ್ಲಿ. ಇಲ್ಲಿಂದ ಹೊರಟ ಕಾರು ಹರಿಹರ ದಾಟಿ ರಾಷ್ಟ್ರೀಯ ಹೆದ್ದಾರಿ 48 ಹಿಡಿದರೆ ನೂರರ ವೇಗಕ್ಕೆ ಏರುತ್ತದೆ. ಒಂದೇ ದಿನದಲ್ಲಿ, ಅದೇ ನಾಲ್ಕು ಟೈರು ಈ ಎರಡೂ ಕೆಲಸ ಮಾಡಬೇಕು.

ಒಂದು ಟೈರು ನೆಲ ಮುಟ್ಟುವ ಜಾಗ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಎಂಜಿನ್ನಿನ ಶಕ್ತಿ, ಬ್ರೇಕು, ಸ್ಟೇರಿಂಗು, ಎಬಿಎಸ್, ಎಲ್ಲವೂ ಕೆಲಸ ಮಾಡುವುದು ಆ ನಾಲ್ಕು ಅಂಗೈ ಜಾಗದ ಮೂಲಕವೇ. ವೇಗ 80ರಿಂದ 100ಕ್ಕೆ ಏರಿದರೆ ಕಾಲು ಭಾಗ ಹೆಚ್ಚಾಯಿತು ಎಂದುಕೊಳ್ಳುತ್ತೇವೆ. ಆದರೆ ನಿಲ್ಲಿಸುವಾಗ ಬ್ರೇಕು, ಟೈರು ಅರಗಿಸಬೇಕಾದ ಚಲನಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಶೇ 56ರಷ್ಟು ಜಾಸ್ತಿ. ಮೆತ್ತನೆಯ ರಬ್ಬರು ರಸ್ತೆಯನ್ನು ಹಿಡಿಯುತ್ತದೆ, ಆದರೆ ಬೇಗ ಸವೆಯುತ್ತದೆ. ಗಟ್ಟಿ ರಬ್ಬರು ಬಾಳಿಕೆ ಬರುತ್ತದೆ, ಆದರೆ ಮಳೆಯಲ್ಲಿ ಜಾರುತ್ತದೆ. ಒಳ್ಳೆಯ ಕಂಪನಿಗಳು ಸಿಲಿಕಾ ಬೆರೆಸಿ ಎರಡನ್ನೂ ಹತ್ತಿರ ತರಲು ಪ್ರಯತ್ನಿಸಿವೆ, ಆ ಟೈರಿಗೆ ದುಡ್ಡೂ ಹೆಚ್ಚು. ಬರೀ ಕಿಲೋಮೀಟರ್ ನೋಡಿ ಗಟ್ಟಿ ಟೈರು ಹಾಕಿಸಿದವರು 150 ಪಿಎಸ್ ಕಾರಿನ ಬ್ರೇಕನ್ನೇ ಕಿತ್ತು ಚಿಕ್ಕದು ಹಾಕಿಸಿಕೊಂಡಂತೆ.

ಟೈರಿನ ಪಕ್ಕದಲ್ಲಿ ಬರೆದಿರುವುದನ್ನು ಓದಲು ಕಲಿತರೆ ನನ್ನಂಥ ಅಂಗಡಿಯವನ ಮಾತನ್ನು ಕಣ್ಣು ಮುಚ್ಚಿ ನಂಬಬೇಕಾಗಿಲ್ಲ. 205/55 ಆರ್ 16 91 ವಿ ಎಂದಿದ್ದರೆ ಅಗಲ 205 ಮಿಲಿಮೀಟರ್, ಪಕ್ಕದ ಎತ್ತರ ಅದರ ಶೇ 55, ಡಿಸ್ಕ್ 16 ಇಂಚು. 91 ಎಂದರೆ ಒಂದು ಟೈರು 615 ಕಿಲೋ ಹೊರುತ್ತದೆ. ವಿ ಎಂದರೆ ಗಂಟೆಗೆ 240 ಕಿ.ಮೀ. ವೇಗ ತಡೆಯುತ್ತದೆ. ಎಚ್ 210ಕ್ಕೆ, ಟಿ 190ಕ್ಕೆ. 'ನಾನೇನ್ 200ರಾಗ ಓಡಸ್ತೀನಾ, ಟಿ ಸಾಕು ಬಿಡ್ರಿ' ಎಂದು ವಾದಿಸುವವರಿದ್ದಾರೆ. ಆ ಅಕ್ಷರ ಬರೀ ವೇಗದ ಲೆಕ್ಕವಲ್ಲ, ಕಾವು ತಡೆಯುವ ತಾಕತ್ತಿನ ಲೆಕ್ಕವೂ ಹೌದು. ಏಪ್ರಿಲ್ ಬಿಸಿಲಲ್ಲಿ ಐದು ಜನ ಕೂತು, ಡಿಕ್ಕಿ ತುಂಬಿ ಚಿತ್ರದುರ್ಗದ ಕಡೆ ಹೊರಟಾಗ ಆ ತಾಕತ್ತು ಕೆಲಸಕ್ಕೆ ಬರುತ್ತದೆ. ಕಾರಿನ ಕಂಪನಿ ಹೇಳಿದ್ದಕ್ಕಿಂತ ಕೆಳಗಿನ ಅಕ್ಷರ, ಕಡಿಮೆ ಭಾರದ ಸಂಖ್ಯೆ ಎಂದೂ ಹಾಕಿಸಬೇಡಿ.

ಇನ್ನೊಂದು ಗುರುತು ತಾರೀಖಿನದು. ಟೈರಿನ ಒಂದು ಪಕ್ಕದಲ್ಲಿ ಪುಟ್ಟ ಅಂಡಾಕಾರದ ಗೆರೆಯೊಳಗೆ ನಾಲ್ಕು ಅಂಕಿ ಇರುತ್ತವೆ. 2324 ಎಂದಿದ್ದರೆ 2024ರ 23ನೇ ವಾರ ತಯಾರಾಗಿದೆ ಎಂದು ಅರ್ಥ. ಅದು ಡಿಸ್ಕಿನ ಒಳಪಕ್ಕಕ್ಕೆ ಬಂದರೆ ಗಾಡಿಯ ಕೆಳಗೆ ಬಗ್ಗಿ ಟಾರ್ಚ್ ಬಿಡಬೇಕು, ಹಾಗಾಗಿ ಫಿಟ್ ಮಾಡುವ ಮುಂಚೆಯೇ ನಾಲ್ಕೂ ಟೈರು ಉರುಳಿಸಿ ನೋಡಿಬಿಡಿ. ರಬ್ಬರು ಗೋಡೌನಿನಲ್ಲಿ ಕೂತಿದ್ದರೂ ಮೆಲ್ಲಗೆ ಬಿರುಸಾಗುತ್ತದೆ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆ ತೋರಿಸಿ, ಹತ್ತು ವರ್ಷವಾಗಿದ್ದರೆ ಬಟನ್ (ನೆಲ ಮುಟ್ಟುವ ರಬ್ಬರಿನ ಹಲ್ಲು) ಚೆನ್ನಾಗಿದ್ದರೂ ತೆಗೆಸಿ ಎಂದು ಮಿಶೆಲಿನ್‌ನಂಥ ಕಂಪನಿಯೇ ಹೇಳುತ್ತದೆ. ಸ್ಟೆಪ್ನಿಗೂ ಈ ಮಾತು ಅನ್ವಯ.

ಅಂದಕ್ಕೆಂದು ದೊಡ್ಡ ಅಲಾಯ್ ಹಾಕಿಸುವ ಹುಡುಗರಿಗೂ ಒಂದು ಮಾತು. 205/55 ಆರ್ 16 ತೆಗೆದು 225/45 ಆರ್ 17 ಹಾಕಿದರೆ ಚಕ್ರದ ಒಟ್ಟು ಎತ್ತರ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ನಿಜ. ಆದರೆ ಟೈರಿನ ಪಕ್ಕದ ಎತ್ತರ 113 ಮಿಲಿಮೀಟರಿನಿಂದ 101ಕ್ಕೆ ಇಳಿಯುತ್ತದೆ. ಗುಂಡಿಗೆ ಬಿದ್ದಾಗ ಡಿಸ್ಕಿಗೂ ರಸ್ತೆಗೂ ನಡುವೆ ಇರುವ ಮೆತ್ತೆ ಅದೊಂದೇ. ಅದು ತೆಳುವಾದರೆ ಒಳಗಿನ ದಾರ ಹರಿದು ಟೈರಿನ ಪಕ್ಕ ಮೊಟ್ಟೆಯಷ್ಟು ಉಬ್ಬುತ್ತದೆ. ಆ ಉಬ್ಬಿಗೆ ಪ್ಯಾಚ್ ಇಲ್ಲ, ಟೈರನ್ನೇ ಬಿಸಾಡಬೇಕು. ಹಳ್ಳಿ ರಸ್ತೆಯಲ್ಲಿ ದಿನಾ ಓಡಾಡುವ ಕಾರಿಗೆ ಕಂಪನಿ ಅಳತೆಯೇ ಸರಿ. ಅದೇ ಅಳತೆಯಲ್ಲಿ ಇನ್ನೂ ಒಳ್ಳೆಯ ಟೈರು ಕೊಳ್ಳಿ, ದುಡ್ಡು ಸಾರ್ಥಕವಾಗುತ್ತದೆ.

ನಾಲ್ಕೂ ಒಟ್ಟಿಗೆ ಹಾಕಿಸಲು ಆಗದಿದ್ದರೆ ಎರಡು ಹಾಕಿಸಿ, ಆದರೆ ಹೊಸ ಜೋಡಿ ಹಿಂದಕ್ಕೆ ಹೋಗಬೇಕು. ಈ ಕಾರುಗಳಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರವನ್ನು, ಆದ್ದರಿಂದ ಹೊಸದು ಮುಂದಕ್ಕೆ ಎಂದು ಎಲ್ಲರೂ ಹಟ ಹಿಡಿಯುತ್ತಾರೆ. ಮಳೆಯಲ್ಲಿ ಮುಂದಿನ ಟೈರು ಜಾರಿದರೆ ಗೊತ್ತಾಗುತ್ತದೆ, ಕಾಲು ತೆಗೆದರೆ ಕಾರು ಹತೋಟಿಗೆ ಬರುತ್ತದೆ. ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ, ಪಳಗಿದ ಡ್ರೈವರಿಗೂ ಸಾವರಿಸಿಕೊಳ್ಳಲು ಸಮಯ ಸಿಗುವುದಿಲ್ಲ. ಬಟನ್ 1.6 ಮಿಲಿಮೀಟರಿಗೆ ಇಳಿದರೆ ಕಾನೂನಿನ ಪ್ರಕಾರವೇ ಕಾರಿನ ಟೈರು ಮುಗಿದಂತೆ. ಗಾಡಿ ವೇಗವಾಗಿ ಓಡುವುದಿದ್ದರೆ 3 ಮಿಲಿಮೀಟರಿಗೇ ಬದಲಿಸಿ ಎಂಬುದು ನನ್ನ ಸಲಹೆ. ಸವೆದ ಟೈರಿನ ಕಾಲುವೆಗೆ ನೀರು ಹೊರಹಾಕಲು ಜಾಗವೇ ಉಳಿದಿರುವುದಿಲ್ಲ, ಕಾರು ನೀರಿನ ಮೇಲೆ ತೇಲತೊಡಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ, ಎರಡು ಟೈರು ಮುಂದಿಟ್ಟರೆ ಒದ್ದೆಯಲ್ಲಿ ಯಾವುದು ಬೇಗ ನಿಲ್ಲಿಸುತ್ತದೆ ಎಂದು ಗಿರಾಕಿ ತಾನೇ ತಿಳಿಯುವುದು ಹೇಗೆ? ನನ್ನ ತಕರಾರು ಇರುವುದು ಇಲ್ಲಿ. ಯುರೋಪಿನಲ್ಲಿ 2012ರಿಂದಲೇ ಟೈರಿನ ಮೇಲೆ ಚೀಟಿ ಅಂಟಿಸುವುದು ಕಡ್ಡಾಯ. 2021ರಲ್ಲಿ ಅದನ್ನು ಸುಧಾರಿಸಿ, ಒದ್ದೆ ರಸ್ತೆಯ ಹಿಡಿತಕ್ಕೆ ಎ ಇಂದ ಇ ತನಕ ದರ್ಜೆ ಕೊಟ್ಟಿದ್ದಾರೆ. ಓದು ಬರಹ ಕಡಿಮೆ ಇದ್ದವರಿಗೂ ಅರ್ಥವಾಗುವ ಚೀಟಿ ಅದು. ನಮ್ಮ ಕೇಂದ್ರ ಸರ್ಕಾರವೂ 2022ರಲ್ಲಿ ಅಧಿಸೂಚನೆ ಹೊರಡಿಸಿ ಒದ್ದೆ ಹಿಡಿತ, ಉರುಳು ಪ್ರತಿರೋಧ, ಸದ್ದು ಈ ಮೂರಕ್ಕೂ ಕನಿಷ್ಠ ಮಟ್ಟ ಗೊತ್ತುಮಾಡಿತು. ಒಳ್ಳೆಯ ಹೆಜ್ಜೆ. ಆದರೆ ಕನಿಷ್ಠ ದಾಟಿದ ಟೈರುಗಳಲ್ಲಿ ಉತ್ತಮ ಯಾವುದು, ಸಾಧಾರಣ ಯಾವುದು ಎಂದು ಹೇಳುವ ದರ್ಜೆ ಅಂಗಡಿಯಲ್ಲಿ ನಿಂತ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಇಂಧನ ಉಳಿತಾಯಕ್ಕೆ ನಕ್ಷತ್ರ ಕೊಡುವ ಯೋಜನೆ ಇದೆ. ಪೆಟ್ರೋಲ್ ಉಳಿಸುವುದಕ್ಕೆ ನಕ್ಷತ್ರವಿದ್ದ ಮೇಲೆ ಜೀವ ಉಳಿಸುವುದಕ್ಕೂ ಒಂದು ಅಕ್ಷರವಿರಲಿ.

ಆದ್ದರಿಂದ ಎರಡು ಬೇಡಿಕೆ. ಮೊದಲನೆಯದು ಸರ್ಕಾರಕ್ಕೆ: ಪ್ರತಿ ಕಾರು ಟೈರಿನ ಮೇಲೂ ಒದ್ದೆ ಹಿಡಿತದ ದರ್ಜೆ ಕನ್ನಡದಲ್ಲೂ ಕಾಣುವಂತೆ ಚೀಟಿ ಕಡ್ಡಾಯವಾಗಲಿ. ಎರಡನೆಯದು ನನ್ನ ಸಹವ್ಯಾಪಾರಿಗಳಿಗೆ: ಬಿಲ್ಲಿನಲ್ಲಿ ಬರೀ ಅಳತೆ ಬರೆದು ಕೈತೊಳೆದುಕೊಳ್ಳದೆ ಭಾರದ ಸಂಖ್ಯೆ, ವೇಗದ ಅಕ್ಷರ, ತಯಾರಾದ ವಾರವನ್ನೂ ಬರೆದುಕೊಡೋಣ. ಹಳೆಯ ಸ್ಟಾಕು ಮಾರುವವರಿಗೆ ಇದು ಕಷ್ಟವಾಗಬಹುದು, ಆಗಲಿ. ಕಾನೂನು ಬರುವ ತನಕ ಗಿರಾಕಿಗಳೇ ಪಟ್ಟು ಹಿಡಿದು ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದ ಅಂಗಡಿಯ ಪಕ್ಕದಲ್ಲೇ ಇನ್ನೊಂದು ಅಂಗಡಿ ಇರುತ್ತದೆ.