ಹೊಳಿ ದಾಟಿದರ ಮಾತು ಬ್ಯಾರೆ, ಠಾಣೆ ಹೊಕ್ಕರ ಅರ್ಥ ಬ್ಯಾರೆ

ಜುಗೂಳದ ದಂಡೆಯ ಮೇಲೆ ನಿಂತು ನೋಡಿ. ಮುಂದೆ ಕೃಷ್ಣೆ. ಆಚೆ ಖಿದ್ರಾಪುರ, ಮಹಾರಾಷ್ಟ್ರ. ಈಚೆ ಕಾಗವಾಡ ತಾಲೂಕು, ಕರ್ನಾಟಕ. ಎರಡೂ ಕಡೆ ಅದೇ ಕಬ್ಬು, ಅದೇ ಗೌಡಕಿ, ಅದೇ ಕೂಲಿ. ಆದರೆ ಒಂದು ಶಬ್ದ ಹೊಳಿ ದಾಟಿದ ಕೂಡಲೇ ಅರ್ಥ ಬದಲಿಸುತ್ತದೆ. ಈಚೆ 'ಅತ್ಯಾಚಾರ' ಅಂದರೆ ಹೆಣ್ಣಿನ ಮೈಮೇಲೆ ಬಿದ್ದದ್ದು. ಆಚೆ ಮರಾಠಿಯಲ್ಲಿ 'ಅತ್ಯಾಚಾರ' ಅಂದರೆ ಯಾವುದೇ ದೌರ್ಜನ್ಯ. ಕೇರಿಗೆ ಬೆಂಕಿ ಇಟ್ಟರೂ ಅದೇ ಮಾತು. ದಲಿತರಿಗಾಗಿ ಬಂದ 1989ರ ಕಾಯ್ದೆಯನ್ನು ನಾವು 'ದೌರ್ಜನ್ಯ ತಡೆ' ಅನ್ನುತ್ತೇವೆ, ಅವರು 'ಅತ್ಯಾಚಾರ ಪ್ರತಿಬಂಧ' ಅನ್ನುತ್ತಾರೆ. ನಮ್ಮ ಅತ್ಯಾಚಾರ ಅವರಿಗೆ 'ಬಲಾತ್ಕಾರ'.

ಇದನ್ನು ಗಡಿಯ ತಮಾಷೆ ಅಂತ ನಕ್ಕು ಬಿಡಬಹುದಿತ್ತು. ಆದರೆ ಗೆಳೆಯರೇ, ಹೊಳಿಗಿಂತ ಅಗಲವಾದ ಇನ್ನೊಂದು ಕಂದಕ ನಮ್ಮ ಓಣಿಗೂ ಠಾಣೆಗೂ ನಡುವೆ ಇದೆ. ನಮ್ಮ ಹೆಣ್ಣುಮಕ್ಕಳ ಫಿರ್ಯಾದಿ ಬಿದ್ದು ಸಾಯುವುದು ಅಲ್ಲಿ.

ಆಕೆ ಏನಂತ ಹೇಳುತ್ತಾಳೆ? 'ಅಂವಾ ನನ್ನ ಕೆಡಿಸ್ಯಾನ.' 'ಅಬರು ತಗದಾನ.' 'ಮಾನಭಂಗ ಮಾಡ್ಯಾನ.' ಈ ಮಾತುಗಳನ್ನು ಕೊಟ್ಟವರು ಯಾರು? ಕೆಟ್ಟ ಕೆಲಸ ಮಾಡಿದವನು ಅವನು, ಕೆಟ್ಟವಳು ಮಾತ್ರ ಇವಳು! ಅಬರು ಹೋಗಿದ್ದು ಇವಳದು, ಅವನ ಅಬರಿಗೆ ಒಂದು ಗೀರೂ ಇಲ್ಲ! ಊರಿಗೆ ಬೇಕಾದದ್ದು ಮನೆತನದ ಮಾನದ ಲೆಕ್ಕ. ಆಕೆಯ ಮೈಗೆ ಏನಾಯಿತು ಅಂತ ಕೇಳುವವರಿಲ್ಲ.

ಈಗ ಠಾಣೆಗೆ ಬನ್ನಿ. 'ಮಾನಭಂಗ' ಅಂದ ಕೂಡಲೇ ಬರೆದುಕೊಳ್ಳುವವನ ಪೆನ್ನು ಒಂದು ಕಲಮಿಗೆ ಓಡುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 74ನೇ ಕಲಂ. ಶಿಕ್ಷೆ 1ರಿಂದ 5 ವರ್ಷ. ಅತ್ಯಾಚಾರದ ಕಲಂ 63, ಅದರ ಶಿಕ್ಷೆ 64ರಲ್ಲಿ: 10 ವರ್ಷಕ್ಕೆ ಕಡಿಮೆ ಇಲ್ಲ, ಜೀವಾವಧಿಯವರೆಗೂ ಉಂಟು. ಲಜ್ಜೆಯಿಂದ ಬಾಯಿ ಕಟ್ಟಿದ ಹೆಣ್ಣುಮಗಳು ಒಂದು ಮುಚ್ಚುಮಾತು ಆಡಿದ್ದಕ್ಕೆ ಅಪರಾಧಿಗೆ ಇಷ್ಟು ವರ್ಷಗಳ ರಿಯಾಯಿತಿ!

ಓಣಿಯ ಇನ್ನೊಂದು ನಂಬಿಕೆ: 'ಪೂರ್ತಿ ಆಗಿಲ್ಲಲ್ಲ, ಅದು ಅತ್ಯಾಚಾರ ಹೆಂಗ ಆದೀತು?' ಕಾಯ್ದೆ ಹಾಗೆ ಹೇಳುವುದಿಲ್ಲ. 2013ರ ತಿದ್ದುಪಡಿಯಾದ ಮೇಲೆ, ಒಪ್ಪಿಗೆಯಿಲ್ಲದೆ ಬೆರಳು ತೂರಿಸಿದರೂ, ವಸ್ತು ತೂರಿಸಿದರೂ, ಬಾಯಿಂದ ಮಾಡಿದರೂ ಅತ್ಯಾಚಾರವೇ. ಎಷ್ಟು ಒಳಗೆ ಅನ್ನುವ ಅಳತೆ ಇಲ್ಲ.

'ಒದರಲಿಲ್ಲ ಯಾಕ? ಗಾಯ ಎಲ್ಲಿ?' ಈ ಪ್ರಶ್ನೆ ಊರ ಕಟ್ಟೆಯದಷ್ಟೇ ಅಲ್ಲ. ದಿಲ್ಲಿಯ ದೊಡ್ಡ ಕೋರ್ಟೂ ಇದನ್ನೇ ಕೇಳಿತ್ತು. 1972ರ ಮಾರ್ಚಿನಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಠಾಣೆಯೊಳಗೇ ಒಬ್ಬ ಆದಿವಾಸಿ ಹುಡುಗಿಯ ಮೇಲೆ ಪೊಲೀಸರು ಬಿದ್ದರು. ಕೆಳಗಿನ ಕೋರ್ಟು, ಸಂಭೋಗ ಬೇರೆ ಅತ್ಯಾಚಾರ ಬೇರೆ ಅಂದು ಬಿಡುಗಡೆ ಮಾಡಿತು. ಹೆದರಿ ಶರಣಾಗುವುದು ಒಪ್ಪಿಗೆ ಅಲ್ಲ ಅಂತ ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮೈಮೇಲೆ ಗಾಯ ಇಲ್ಲ ಅಂತ ಮತ್ತೆ ಬಿಟ್ಟುಕಳಿಸಿತು. ಠಾಣೆಯೊಳಗೆ, ರಾತ್ರಿಯಲ್ಲಿ, ಪೊಲೀಸರ ಕೈಯಲ್ಲಿ ಸಿಕ್ಕ ಬಡ ಹುಡುಗಿ ಗುದ್ದಾಡಬೇಕಿತ್ತಂತೆ! 1979ರಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ವಸುಧಾ ಧಾಗಮ್‌ವಾರ್, ರಘುನಾಥ ಕೇಳ್ಕರ್ ಎಂಬ ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗ ಪತ್ರ ಬರೆದರು. ಹೆಂಗಸರು ಬೀದಿಗಿಳಿದರು. 1983ರಲ್ಲಿ ಕಾಯ್ದೆ ಬದಲಾಯಿತು. ಇಂದು ಕಾಯ್ದೆಯಲ್ಲೇ ಬರೆದಿದೆ: ಮೈಯಿಂದ ಪ್ರತಿಭಟಿಸಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಒಪ್ಪಿಗೆ ಇತ್ತು ಅನ್ನುವಂತಿಲ್ಲ.

ಇನ್ನು ನಮ್ಮ ಕೇರಿಯ ಮಾತು. ಸವದತ್ತಿ ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿದ ಹುಡುಗಿಯರು ಯಾವ ಕೇರಿಯವರು? ಗೌಡರ ಮನೆಯವರೇ? ಮುತ್ತು ಕಟ್ಟಿಸಿಕೊಂಡವಳು ಊರಿಗೆಲ್ಲ ಸೇರಿದವಳು ಅಂದರು. ಆಕೆಗೆ 'ಒಲ್ಲೆ' ಅನ್ನುವ ಮಾತೇ ಇಲ್ಲ ಅಂದರು. ಕರ್ನಾಟಕ ಸರ್ಕಾರ 1982ರಲ್ಲಿ ನಿಷೇಧದ ಕಾಯ್ದೆ ಮಾಡಿತು. ಆದರೆ ಹೆಣ್ಣಿನ ನಡತೆ ಸರಿಯಿಲ್ಲ ಅಂತ ಕೋರ್ಟಿನಲ್ಲಿ ಎತ್ತಾಡುವ ಸವಲತ್ತು ಸಾಕ್ಷ್ಯ ಕಾಯ್ದೆಯಲ್ಲಿ 2003ರವರೆಗೂ ಇತ್ತು. 2016ರ ಜನವರಿಯಲ್ಲಿ ಜಾರಿಗೆ ಬಂದ ದೌರ್ಜನ್ಯ ತಡೆ ತಿದ್ದುಪಡಿ ಹೇಳುತ್ತದೆ: ದಲಿತ ಹೆಣ್ಣೆಂದು ತಿಳಿದೂ, ಆಕೆಯ ಒಪ್ಪಿಗೆಯಿಲ್ಲದೆ, ಕಾಮದ ರೀತಿಯಲ್ಲಿ ಬೇಕಂತಲೇ ಮುಟ್ಟುವುದೇ ಅಪರಾಧ. ಹಿಂದೆ ಯಾರ ಜೊತೆ ಏನಿತ್ತು, ಅದೇ ಗಂಡಸಿನ ಜೊತೆ ಇತ್ತೇ ಅನ್ನುವುದು ಒಪ್ಪಿಗೆಯ ಗುರುತಲ್ಲ. ಹಗಲು ಮುಟ್ಟಬಾರದ ಮೈ, ಕತ್ತಲಾದರೆ ಕೇಳದೆ ಮುಟ್ಟುವ ಮೈ! ಈ ಶಾಸ್ತ್ರಕ್ಕೆ ಕಾಯ್ದೆ ಒಂದು ಕಲಂ ಇಟ್ಟಿದೆ. ಆದರೆ ಎಷ್ಟು ಶಾಲೆಯಲ್ಲಿ ಇದನ್ನು ಹೇಳಿದ್ದೇವೆ ಮಾಸ್ತರೇ?

ನಮ್ಮ ಜಿಲ್ಲೆಯದೇ ಹೊಸ ವಂಟಮುರಿ. 2023ರ ಡಿಸೆಂಬರಿನಲ್ಲಿ, ಮಗ ಒಂದು ಹುಡುಗಿಯ ಜೊತೆ ಹೋದ ಅಂತ ತಾಯಿಯನ್ನು ಬೆತ್ತಲೆ ಮಾಡಿ ಕಂಬಕ್ಕೆ ಕಟ್ಟಿದರು. ಹೈಕೋರ್ಟು ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಊರಿನ ಮಾತಿನಲ್ಲಿ ಅದು 'ಮರ್ಯಾದಿ ತಗದರು'. ಕಾಯ್ದೆಯಲ್ಲಿ ಬಟ್ಟೆ ಬಿಚ್ಚಿಸುವುದೇ ಬೇರೆ ಅಪರಾಧ, 3ರಿಂದ 7 ವರ್ಷ. ಮರ್ಯಾದಿ ಹೋದದ್ದು ಕಟ್ಟಿದವರದು, ಆ ತಾಯಿಯದಲ್ಲ.

ಹಾಗಂತ ಕಾಯ್ದೆಯ ಮಾತೇ ವೇದವೇ? ಅಲ್ಲ. ಹೆಣ್ಣಿನ 'ಮಾನ' ಅನ್ನುವ 1860ರ ಬ್ರಿಟಿಷರ ಮಾತನ್ನು ಹೊಸ ಸಂಹಿತೆಯೂ ಹೊತ್ತುಕೊಂಡು ಬಂದಿದೆ. 18 ತುಂಬಿದ ಹೆಂಡತಿಯ ಮೇಲೆ ಗಂಡ ಬಿದ್ದರೆ ಅದು ಅತ್ಯಾಚಾರವಲ್ಲ ಅನ್ನುತ್ತದೆ. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ, ಗಂಡ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಅಂದರು. ಅದೇ ವರ್ಷ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. ಇಲ್ಲಿ ಹೆಂಡತಿಯ ಅನುಭವವೇ ಸರಿ, ಕಾಯ್ದೆಯ ಅರ್ಥವೇ ಸುಳ್ಳು. ಇದನ್ನು ಹೊಡೆದಾಡಿಯೇ ಬದಲಿಸಬೇಕು.

ಅಲ್ಲಿಯವರೆಗೆ ನಮ್ಮ ಕೆಲಸ ಏನು? ಆಕೆಯ ಜೊತೆ ಠಾಣೆಗೆ ನಡೆಯುವುದು. ಕಲಂ ಯಾವುದು ಅಂತ ಆಕೆ ಹೇಳಬೇಕಿಲ್ಲ. ಏನಾಯಿತು ಅನ್ನುವುದನ್ನು ಆಕೆಯ ಮಾತಿನಲ್ಲೇ, ಮುಚ್ಚದೆ, ಮಹಿಳಾ ಅಧಿಕಾರಿಯ ಮುಂದೆ ಹೇಳಲಿ. ಬರೆದದ್ದನ್ನು ಓದಿ ಹೇಳಿಸಿ. 'ಕೆಡಿಸಿದ' ಅಂತ ಬರೆದಿದ್ದರೆ ನಿಲ್ಲಿಸಿ, ಏನು ಮಾಡಿದ ಅಂತ ಬರೆಸಿ. ಪ್ರತಿಯನ್ನು ಪುಕ್ಕಟೆ ಕೊಡಬೇಕು, ಇಸಿದುಕೊಳ್ಳಿ. 'ಅದು ಹೊಳಿ ಆಚೆ ಆಗಿದ್ದು, ಅಲ್ಲಿಗೆ ಹೋಗ್ರಿ' ಅಂದರೆ ಕದಲಬೇಡಿ. ಎಲ್ಲಿ ಆಗಿದ್ದರೂ ಯಾವ ಠಾಣೆಯಾದರೂ ಬರೆದುಕೊಳ್ಳಲೇಬೇಕು. ಅತ್ಯಾಚಾರದ ದೂರು ಬರೆದುಕೊಳ್ಳದ ಫೌಜದಾರನಿಗೂ 6 ತಿಂಗಳಿಗೆ ಕಡಿಮೆಯಿಲ್ಲದ ಜೈಲಿದೆ, 199ನೇ ಕಲಂ.

ಅಕ್ಷರ ಕಲಿತವರು ನಾವು. ನಮ್ಮ ಅವ್ವಂದಿರ ಬಾಯಿಂದ 'ಕೆಟ್ಟೆ' ಅನ್ನುವ ಮಾತನ್ನು ಕಿತ್ತು, 'ಅವನು ಮಾಡಿದ' ಅನ್ನುವ ಮಾತನ್ನು ಇಡಲಾರದಿದ್ದರೆ, ಆ ಅಕ್ಷರ ಇನ್ಯಾತಕ್ಕೆ?